ಹೊಸಿಲ ಬಳಿ ಬಗ್ಗಿ ನೋಡುತ್ತಿದ್ದವರು

ಕಳೆದ ಗುರುವಾರ ಸಂಜೆ ಉತ್ತರಹಳ್ಳಿಯ ಹಳೇ ಊರಿನ ಒಳರಸ್ತೆಯಲ್ಲಿ ಬರುತ್ತಿದ್ದಾಗ ಹಸು ತಾತನ ಕೊಟ್ಟಿಗೆ ಖಾಲಿಯಾಗಿರುವುದು ಕಂಡಿತು. ಗೂಟಗಳಿದ್ದವು, ಹಗ್ಗಗಳಿರಲಿಲ್ಲ. ಸಗಣಿಯ ವಾಸನೆಯೂ ಹಳೆಯದಾಗಿತ್ತು. ನಾನು ಅವರನ್ನು ಕೊನೆಯ ಸಲ ಕಂಡು ಏಳು ತಿಂಗಳು ಹನ್ನೊಂದು ದಿನ ಆಗಿತ್ತು. ಎಪ್ಪತ್ತು ದಾಟಿದವರ ವಿಷಯದಲ್ಲಿ ಅಷ್ಟು ದಿನದಲ್ಲಿ ಏನು ಬೇಕಾದರೂ ಆಗಬಹುದು. ಎದುರಿನ ಟೀ ಅಂಗಡಿಯವರನ್ನು ಕೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಮೂರನೆಯ ಸಲ ಕೇಳಿಯೇ ಬಿಟ್ಟೆ.

"ಹಸು ತಾತನಾ ಮೇಡಂ? ಅಯ್ಯೋ, ಚೆನ್ನಾಗವ್ರೆ. ಕಣ್ಣಿನ ಪೊರೆ ತೆಗೆಸಿದ್ರು. ಹಸುಗಳ್ನ ಕನಕಪುರದ ಕಡೆ ತಮ್ಮನ ತೋಟಕ್ಕೆ ಕಳ್ಸ್‌ಬಿಟ್ರು. ಈಗ ಮಗಳ ಮನೇಲಿ ಕೂತ್ಕೊಂಡು ಎರಡೂ ಕಣ್ಣಲ್ಲಿ ಕ್ರಿಕೆಟ್ ನೋಡ್ತಾವ್ರೆ. ಮೊನ್ನೆ ಬಂದು, ನಿನ್ನ ಅಂಗಡಿ ಇಷ್ಟು ಗಲೀಜಾ ಅಂತ ನಂಗೆ ಈಗ ಗೊತ್ತಾಯ್ತು ಅಂತ ಬೈದು ಹೋದ್ರು!"

ನಾನು ಒಂದರ ಮೇಲೊಂದು ಎರಡು ಟೀ ಕುಡಿದೆ. ಮನೆಗೆ ಬಂದು ಹಳೆಯ ಡೈರಿಗಳನ್ನು ತೆಗೆದೆ. ಅವರ ಬಗ್ಗೆ ನಾನು ಬರೆದಿಟ್ಟದ್ದು ಒಟ್ಟು ನಲವತ್ತಮೂರು ಪುಟ. ಅದರಲ್ಲಿ ಅವರ ಊಟ, ಉಡುಪು, ಕುಟುಂಬದ ವಿಷಯ ಒಂದು ಪುಟವೂ ಇಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಬಹಳ ವರ್ಷ ಇಸ್ತ್ರಿ ಹಾಕುತ್ತಿದ್ದರು, ರಿಟೈರಾದ ಮೇಲೆ ಮೂರು ಹಸು ಕಟ್ಟಿಕೊಂಡರು ಎಂದಷ್ಟೇ ಇದೆ. ಉಳಿದದ್ದೆಲ್ಲ ಒಂದು ಹಸು ಎಲ್ಲೆಲ್ಲಿ, ಯಾಕೆ ನಿಂತಿತು ಎನ್ನುವುದರ ಲೆಕ್ಕ.

ಅವರು ಗೃಹಪ್ರವೇಶಗಳಿಗೆ ಹಸು ಕರೆದೊಯ್ಯುತ್ತಿದ್ದರು. ಹೊಸ ಮನೆಯೊಳಗೆ ಮೊದಲು ಹಸು, ಕರು, ಆಮೇಲೆ ಮನೆಯವರು. ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಹಸು ಹೊಸಿಲಲ್ಲೇ ನಿಂತುಬಿಟ್ಟರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಎಳೆಯುತ್ತಾರೆ, ತಳ್ಳುತ್ತಾರೆ, ಬಾಲ ತಿರುಚುತ್ತಾರೆ. ಬಂದವರಲ್ಲಿ ಯಾರಾದರೊಬ್ಬರು ಮೆಲ್ಲಗೆ "ಶಕುನ ಸರಿಯಿಲ್ಲ" ಅನ್ನುತ್ತಾರೆ.

ಈ ಮಾತು ನನಗೆ ಯಾಕೆ ಅಷ್ಟು ಮುಖ್ಯವಾಯಿತು ಎಂದರೆ ನಮ್ಮ ಅವ್ವನಿಂದ. ನಾವು ಗದಗಿನ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಹನ್ನೆರಡು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದ್ದೆವು. ನಡುವೆ ಅಪ್ಪ ಒಂದು ನಿವೇಶನ ಕೊಂಡು, ಅದು ತಕರಾರಿನದೆಂದು ಗೊತ್ತಾಗಿ, ಕೈಬಿಟ್ಟುಹೋಯಿತು. ಆ ನಿವೇಶನದ ಭೂಮಿಪೂಜೆಯಲ್ಲಿ ಒಡೆದ ತೆಂಗಿನಕಾಯಿ ಕೊಳೆತಿತ್ತು. ಅವ್ವ ಅದನ್ನು ಮರೆಯಲಿಲ್ಲ. "ಅವತ್ತ ಕಾಯಿ ಹೇಳಿತ್ತು, ನಾವ ಕೇಳಲಿಲ್ಲ" ಅನ್ನುತ್ತಿದ್ದಳು. ಕೊನೆಗೆ ಸುಬ್ರಹ್ಮಣ್ಯಪುರದಲ್ಲಿ ಒಂದು ಪುಟ್ಟ ಮನೆ ಕಟ್ಟಲು ಶುರು ಮಾಡಿದಾಗ, ತಳಪಾಯ ಏಳುವ ಮೊದಲೇ ಅವಳು ಶರತ್ತು ಹಾಕಿದ್ದಳು: "ಆಕಳ ತಾನಾಗೇ ಒಳಗ ಹೋದ್ರ ನಾನೂ ಬರ್ತೀನಿ. ಜಗ್ಗಿ ಒಯ್ದ್ರ, ನೀವ ಇರ್ರಿ, ನಾ ಬಾಡಿಗಿ ಮನ್ಯಾಗ ಇರ್ತೀನಿ." ಅಪ್ಪ ನಕ್ಕರು. ನಾನು ನಗಲಿಲ್ಲ, ಅವ್ವ ಇಂಥದ್ದನ್ನು ಹೇಳಿದರೆ ಮಾಡುತ್ತಾಳೆ.

ನಾನು ಜೆ.ಪಿ. ನಗರದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದೊಡ್ಡ ಗಿರಾಕಿಗಳು ಗೃಹಪ್ರವೇಶಕ್ಕೆ ಕರೆದರೆ ಮಾಲೀಕರು ನನ್ನ ಕೈಗೆ ಉಡುಗೊರೆಯ ಗಡಿಯಾರವೊಂದನ್ನು ಕೊಟ್ಟು ಕಳಿಸುತ್ತಾರೆ. ಹಾಗೆ ಒಂದು ಭಾನುವಾರ ಬನಶಂಕರಿ ಮೂರನೇ ಹಂತದ ಮನೆಯೊಂದಕ್ಕೆ ಹೋಗಿದ್ದೆ. ನಮ್ಮದೇ ಕನ್ನಡಿ ಹೊಳಪಿನ ಟೈಲ್ಸ್. ಬೆಳಿಗ್ಗೆ ಏಳು ನಲವತ್ತಕ್ಕೆ ತಾತನ ಹಸು ಬಾಗಿಲಿಗೆ ಬಂತು, ನಿಂತಿತು. ಮನೆಯ ಯಜಮಾನರು ರೇಷ್ಮೆ ಪಂಚೆಯಲ್ಲಿ ಬೆವರತೊಡಗಿದರು. ಪುರೋಹಿತರು ಗಡಿಯಾರ ನೋಡಿದರು.

"ಎಳೀರಿ ತಾತ, ಮುಹೂರ್ತ ಮೀರುತ್ತೆ!" ಅಂದರು ಯಜಮಾನರು.

"ಎಳೆದ್ರೆ ಹಿಂದಕ್ಕೋಗ್ತಾಳೆ ಸಾರ್. ಒಂದ್ನಿಮಿಷ ಬಗ್ಗಿ."

"ಯಾರು, ನಾನಾ?"

"ನೀವೇ. ಇವಳ ಮುಖ ಎಲ್ಲಿದೆಯೋ ಅಲ್ಲಿ ನಿಮ್ಮ ಮುಖ ಇಡಿ. ಹಾಂ... ಈಗ ನೆಲ ನೋಡಿ. ಏನ್ ಕಾಣುತ್ತೆ?"

ದಪ್ಪನೆಯ ಯಜಮಾನರು ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದರು. ಆಮೇಲೆ "ಫ್ಯಾನು" ಅಂದರು. ನಾನೂ ಬಗ್ಗಿದೆ. ನೆಲದೊಳಗೆ, ಎಷ್ಟೋ ಅಡಿ ಆಳದಲ್ಲಿ, ಒಂದು ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ದೀಪಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಎರಡು ವರ್ಷದಿಂದ ಆ ಟೈಲ್ಸ್ ಮಾರುತ್ತಿದ್ದ ನಾನು ಅದನ್ನು ಆ ಎತ್ತರದಿಂದ ನೋಡಿರಲಿಲ್ಲ.

"ಬಾವಿಯೊಳಗೆ ಏನೋ ತಿರುಗ್ತಿದೆ. ನೀವಾಗಿದ್ರೆ ಕಾಲಿಡ್ತಿದ್ರಾ?" ಅಂದರು ತಾತ. ಫ್ಯಾನು ಆರಿಸಿದರು. ಹೆಗಲ ಮೇಲಿನ ಎರಡು ಗೋಣಿಚೀಲ ಹಾಸಿದರು. ಏಳು ಐವತ್ತೆರಡಕ್ಕೆ ಹಸು ಒಳಗೆ ಹೋಯಿತು.

ಅವತ್ತೇ ಅವರ ಫೋನ್ ನಂಬರ್ ತೆಗೆದುಕೊಂಡೆ. ಮುಂದಿನ ಐದು ತಿಂಗಳಲ್ಲಿ ರಜೆ ಸಿಕ್ಕಾಗಲೆಲ್ಲ ಅವರ ಜೊತೆ ಹೋದೆ, ಒಂಬತ್ತು ಮನೆ. ನಮ್ಮ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಹಸು ನಿಲ್ಲಲು ಏನೇನು ಕಾರಣವೋ ಅಷ್ಟನ್ನೂ ಪಟ್ಟಿ ಮಾಡಿಟ್ಟುಕೊಳ್ಳಬೇಕು ಎಂಬುದು ನನ್ನ ಉಪಾಯ. ಅವರಿಗೆ ಇದು ತಮಾಷೆ. "ಬಾ ಅಮ್ಮಣ್ಣಿ, ಬಂದ್ಯಾ, ಪುಸ್ತಕ ತಂದ್ಯಾ?" ಎಂದು ಬರಮಾಡಿಕೊಳ್ಳುತ್ತಿದ್ದರು.

ಹಸುವಿನ ಹೆಸರು ಸಣ್ಣಕ್ಕ. ಮೂರರಲ್ಲಿ ಕಿರಿಯಳು, ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡವಳು. ಅವಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ತಮ್ಮ ಎಡಗಣ್ಣನ್ನು ತೋರಿಸಿದರು. ಪೊರೆ ಬಂದು ಬೆಳ್ಳಗಾಗಿತ್ತು. "ಇದು ಹೋದ್ಮೇಲೆ ಮೆಟ್ಟಿಲು ಯಾವ್ದು, ನೆರಳು ಯಾವ್ದು ಗೊತ್ತಾಗಲ್ಲ. ಒಂದ್ಸಲ ಮಾರ್ಕೆಟ್ಟಲ್ಲಿ ಕರಿ ಗೆರೆ ನೋಡಿ ಕಾಲು ಎತ್ತಿ ದಾಟ್ದೆ. ಬರೀ ಪೈಂಟು! ಎಲ್ರೂ ನಕ್ರು. ಮನೆಗೆ ಬಂದು ನೋಡ್ತೀನಿ, ಸಣ್ಣಕ್ಕನೂ ಚರಂಡಿ ಮುಂದೆ ಹಂಗೇ ನಿಂತವ್ಳೆ. ಅವಳು ತಲೆ ಕೆಳಗಿಟ್ಟು ನೋಡಿದ್ರೇನೇ ಆಳ ಗೊತ್ತಾಗೋದು. ನಾವು ಹಗ್ಗ ಬಿಗಿ ಹಿಡಿದು ತಲೆ ಮೇಲೆತ್ತುಸ್ತೀವಿ. ಇನ್ನೇನ್ ಮಾಡ್ತಾಳೆ ಪಾಪ?" ಆದ್ದರಿಂದ ಹೊಸಿಲಿನ ಹತ್ತಿರ ಅವರು ಹಗ್ಗವನ್ನು ಪೂರ್ತಿ ಸಡಿಲ ಬಿಡುತ್ತಿದ್ದರು. ಅದನ್ನು ನೋಡಿ ಜನ, ಮುದುಕನಿಗೆ ಕೈಲಾಗುವುದಿಲ್ಲ ಅಂದುಕೊಳ್ಳುತ್ತಿದ್ದರು.

ಸೆಲ್ಫಿಗೆಂದು ಸಣ್ಣಕ್ಕನ ಮೂತಿಗೆ ಮುಖ ತಂದು ನಿಲ್ಲುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮೇಡಂ, ಮೂಗಿನ ಮುಂದೆಯೇ ನಿಂತ್ರೆ ನೀವು ಅವಳಿಗೆ ಕಾಣಲ್ಲ. ಪಕ್ಕಕ್ಕೆ ಬನ್ನಿ. ಕಣ್ಣು ಪಕ್ಕದಲ್ಲಿದೆ ನೋಡಿ. ಅಲ್ಲಿಂದ ಅವಳಿಗೆ ನೀವೂ ಕಾಣ್ತೀರ, ಹಿಂದೆ ನಿಮ್ಮ ಯಜಮಾನ್ರು ಬಾಳೆಹಣ್ಣು ತಿಂತಿರೋದೂ ಕಾಣುತ್ತೆ." ಬಾಳೆಹಣ್ಣಿನ ವಿಷಯದಲ್ಲಿ ಅವರು ಸ್ವಲ್ಪ ದುರಾಸೆಯವರು. ಹಸುವಿಗೆಂದು ಕೊಟ್ಟ ಚಿಪ್ಪಿನಲ್ಲಿ ಎರಡು ಹಣ್ಣು ಅವರ ಜೇಬಿಗೆ ಹೋಗುತ್ತಿತ್ತು. ನಾನು ನೋಡಿದರೆ, "ಅವಳಿಗೆ ಸಕ್ಕರೆ ಜಾಸ್ತಿ ಆಗುತ್ತೆ" ಅನ್ನುತ್ತಿದ್ದರು.

ಜಯನಗರದ ಒಂದು ಮನೆಯಲ್ಲಿ ಫೋಟೋದವರು ಡ್ರೋನ್ ಹಾರಿಸಿದರು. ಸಣ್ಣಕ್ಕ ಬಾಲ ಎತ್ತಿಕೊಂಡು ರಸ್ತೆಯ ತುದಿಯವರೆಗೆ ಓಡಿದಳು. ಅವರು ಹಿಂದೆ ಓಡಲಿಲ್ಲ. ಫೋಟೋದ ಹುಡುಗಿಯ ಹತ್ತಿರ ಹೋಗಿ ಸಮಾಧಾನವಾಗಿ, "ಅಮ್ಮಾ, ಕಚ್ಚೋ ನೊಣ ಬಂದ್ರೆ ಹಸು ಓಡುತ್ತೆ. ನೀನು ಇಷ್ಟು ದೊಡ್ಡ ನೊಣ ಬಿಟ್ಟಿದ್ಯಲ್ಲ, ಅದು ಕಚ್ಚಿದ್ರೆ ಎಷ್ಟು ನೋಯಬೋದು ಅಂತ ಅವಳ ಲೆಕ್ಕ" ಅಂದರು. ಆ ಹುಡುಗಿ ನಕ್ಕು ಇಳಿಸಿದಳು. ಸಣ್ಣಕ್ಕ ತಾನೇ ತಿರುಗಿ ಬಂದಳು. ಹದಿನೆಂಟು ನಿಮಿಷ.

ಬಿಟಿಎಂನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಗೆ ಲಿಫ್ಟಿನಲ್ಲಿ ಕರೆದೊಯ್ಯಲು ಕೇಳಿದರು. ಇವರು ಒಪ್ಪಲಿಲ್ಲ. "ನಿಂತ ನೆಲ ಕದಲಿದ್ರೆ ಹಸುಗೆ ಕಾಲಿಂದಾನೇ ಭಯ ಹತ್ತುತ್ತೆ. ಪೂಜೆ ಕೆಳಗೇ ಮಾಡಿ" ಎಂದು ಪಾರ್ಕಿಂಗಿನಲ್ಲಿ ಕಟ್ಟಿ ಕೂತುಬಿಟ್ಟರು. ಆ ಮನೆಯವರು ಸಿಟ್ಟಾದರು, ಕಾಫಿಯನ್ನೂ ಕೊಡಲಿಲ್ಲ. ತಾತ ನನ್ನ ಕಡೆ ತಿರುಗಿ "ಬರ್ಕೋ, ಕಾಫಿ ಸೊನ್ನೆ" ಅಂದರು. ಬರೆದುಕೊಂಡಿದ್ದೇನೆ.

ನನ್ನ ಡೈರಿಯಲ್ಲಿ ಎರಡು ಸಲ ಅಡಿಗೆರೆ ಎಳೆದಿರುವುದು ಜೆ.ಪಿ. ನಗರದ ಒಂದು ಮನೆಗೆ. ಅಲ್ಲಿ ಎಲ್ಲವೂ ಸರಿಯಿತ್ತು. ನೆಲ ಒರಟು, ಬೆಳಕು ಚೆನ್ನಾಗಿತ್ತು, ಸದ್ದಿರಲಿಲ್ಲ. ಸಣ್ಣಕ್ಕ ಗೇಟಿನಲ್ಲೇ ಮೂಗು ನೆಲಕ್ಕೆ ಹಚ್ಚಿ, ತುಟಿ ಮೇಲೆತ್ತಿ, ಹಿಂದೆ ಸರಿದಳು. ಇವರು ಬಗ್ಗಿ ಗೇಟಿನ ಹತ್ತಿರದ ಕಲ್ಲನ್ನು ಮುಟ್ಟಿ ಬೆರಳು ಮೂಸಿದರು. ಆಮೇಲೆ ಮನೆಯಾಕೆಯನ್ನು ಕೇಳಿದರು.

"ತಾಯಿ, ನಿನ್ನೆ ಇಲ್ಲಿಗೆ ಬೇರೆ ಹಸು ಬಂದಿತ್ತಾ?"

ಆಕೆಯ ಮುಖ ಕಪ್ಪಿಟ್ಟಿತು. "ಇಲ್ವಲ್ಲ."

"ಬಂದಿತ್ತು. ಯಾರೋ ಹೊಡೆದವ್ರೆ. ಹೆದರಿ ಇಲ್ಲಿ ಗಂಜಲ ಹಾಕಿದೆ. ನಂಗೆ ಬರೀ ಗಂಜಲದ ವಾಸನೆ ಬರುತ್ತೆ. ಇವಳಿಗೆ ಅದರ ಹೆದರಿಕೇನೂ ಬರುತ್ತೆ."

ಆಕೆ ಅಳತೊಡಗಿದರು. ಹಿಂದಿನ ದಿನವೂ ಮುಹೂರ್ತವಿತ್ತಂತೆ. ಬೇರೆಯವರ ಹಸು ಒಳಗೆ ಹೋಗದೆ ಇದ್ದಾಗ ಬಂಧುಗಳು ಕೋಲು ತೆಗೆದುಕೊಂಡಿದ್ದರಂತೆ. ಉಳಿದ ನೆಂಟರಿಗೆ ಗೊತ್ತಾಗದಿರಲಿ ಎಂದು ಮುಚ್ಚಿಟ್ಟಿದ್ದರು. ತಾತ ಬೈಯಲಿಲ್ಲ. ಅಂಗಳವನ್ನು ಮೂರು ಸಲ ತೊಳೆಸಿ, ಸಗಣಿ ನೀರು ಹಾಕಿಸಿ, ನಾಳೆ ಬರ್ತೀನಿ ಎಂದು ಹೊರಟರು. ಮರುದಿನ ನನಗೆ ಕೆಲಸವಿತ್ತು. ಮಧ್ಯಾಹ್ನ ಫೋನ್ ಮಾಡಿ ಹೇಳಿದರು: "ಹೋದ್ಲು. ಕಾಫಿ ಎರಡು ಲೋಟ."

ಒಂದೇ ವಿಷಯದಲ್ಲಿ ಅವರದು ತಪ್ಪು. ಕೆಂಪು ಸೀರೆ ಕಂಡರೆ ಹಸು ಹೆದರುತ್ತದೆ ಎಂದು ನಂಬಿದ್ದರು. ಹಸುವಿಗೆ ಕೆಂಪು ನಮ್ಮಂತೆ ಕಾಣುವುದೇ ಇಲ್ಲ ಎಂದು ಓದಿ ಹೇಳಿದೆ. ಒಂಬತ್ತರಲ್ಲಿ ಆರು ಮನೆಗಳಲ್ಲಿ ಕೆಂಪು ಸೀರೆಯವರು ಎದುರಿಗೇ ಇದ್ದರು, ಏನೂ ಆಗಲಿಲ್ಲ ಎಂದು ಲೆಕ್ಕ ತೋರಿಸಿದೆ. ಅವರು ಪುಟವನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿ, "ಅದು ಬೇರೆ ಕೆಂಪು" ಎಂದು ವಾಪಸ್ ಕೊಟ್ಟರು.

ನಮ್ಮ ಗೃಹಪ್ರವೇಶ ಬಂತು. ಅವ್ವನಿಗೆ ಹೊಳೆಯುವ ಟೈಲ್ಸ್ ಬೇಕಿತ್ತು, ನಾನು ಹಟ ಹಿಡಿದು ಹೊಳಪಿಲ್ಲದ್ದು ಹಾಕಿಸಿದ್ದೆ. ಹೊರಗಿನ ಬಿಸಿಲಿಗೂ ಒಳಗಿನ ಕತ್ತಲಿಗೂ ಕಣ್ಣು ಹೊಂದಲಿ ಎಂದು ನಡುಮನೆಯ ಎಲ್ಲ ದೀಪ ಹಾಕಿದ್ದೆ. ರಂಗೋಲಿ ಹೊಸಿಲಿನಿಂದ ದೂರ. ಫ್ಯಾನು ಇಲ್ಲ, ಪಟಾಕಿ ಇಲ್ಲ, ಬಲೂನು ಇಲ್ಲ. ಅಂಗಳಕ್ಕೆ ಬೇರೆ ಹಸು ಬಂದಿಲ್ಲ. ಹದಿನಾಲ್ಕು ಅಂಶಗಳ ಪಟ್ಟಿ, ಹದಿನಾಲ್ಕಕ್ಕೂ ಸರಿ ಗುರುತು. ಗದಗಿನಿಂದ ದೊಡ್ಡವ್ವ, ಅವ್ವನ ಅಕ್ಕ, ಬಂದಿದ್ದಳು. ಅವ್ವ ಮಾತ್ರ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಗೇಟಿನ ಹತ್ತಿರ ನಿಂತಿದ್ದಳು.

ಎಂಟು ಹತ್ತಕ್ಕೆ ಸಣ್ಣಕ್ಕ ಬಾಗಿಲಿಗೆ ಬಂದಳು. ನಿಂತಳು.

ಕರು ಗೇಟನ್ನೂ ದಾಟಲಿಲ್ಲ. ನಾನು ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ದೊಡ್ಡವ್ವ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು: "ಹೊಸ್ತಿಲದಾಗ ಆಕಳ ನಿಂತ್ರ ಮನಿ ಒಲ್ಲೆ ಅಂದಂಗ."

ಅವ್ವ ಅಪ್ಪನ ಕಡೆ ನೋಡಿದಳು. "ನಾ ಹೇಳಿದ್ನಿಲ್ಲೋ? ಇದೂ ನಮ್ಮದಲ್ಲ."

"ತಡಿ. ಈಗಿನ್ನ ಬಂದದ, ಎರಡ ನಿಮಿಷ ಆಗಿಲ್ಲ" ಅಂದರು ಅಪ್ಪ. ಅವರ ದನಿಯೂ ಗಟ್ಟಿಯಿರಲಿಲ್ಲ. ಪುರೋಹಿತರು ಹಗ್ಗಕ್ಕೆ ಕೈ ಹಾಕಿದರು. ಅವ್ವ "ಜಗ್ಗಬ್ಯಾಡ್ರೀ!" ಎಂದು ಕೂಗಿದ ಸದ್ದಿಗೆ ಕೈ ಬಿಟ್ಟರು.

ತಾತ ಮಾತ್ರ ಅವಸರ ಮಾಡಲಿಲ್ಲ. ಎಂದಿನಂತೆ ಬಗ್ಗಿದರು. ಸಣ್ಣಕ್ಕನ ಕೆನ್ನೆಗೆ ಕೆನ್ನೆ ಹಚ್ಚಿ ಒಳಗೆ ನೋಡಿದರು. ನೆಲ ಮುಟ್ಟಿದರು, ಬೆರಳು ಮೂಸಿದರು. "ಕಣ್ಣಿಂದಲ್ಲ" ಅಂದರು. "ಮೂಗಿಂದೂ ಅಲ್ಲ." ಆಮೇಲೆ ತಲೆಯೆತ್ತಿ ಅವಳ ಕಿವಿ ನೋಡಿದರು. ಒಂದು ಕಿವಿ ಹಿಂದೆ ಕರುವಿನ ಕಡೆಗಿತ್ತು. ಇನ್ನೊಂದು ನಡುಮನೆಯೊಳಗೆ ಎಡಕ್ಕೆ ತಿರುಗಿ, ಮೊಳೆ ಹೊಡೆದಂತೆ ನಿಂತಿತ್ತು.

"ಅಮ್ಮಣ್ಣಿ, ಈ ಕಿವಿ ನೋಡ್ಕೋ. ಎತ್ತ ಇದೆ?"

"ಎಡಗಡೆ ಗೋಡೆ ಕಡೆ ತಾತ. ಆದ್ರೆ ಅಲ್ಲಿ ಏನೂ ಸದ್ದಿಲ್ವಲ್ಲ."

"ನಿಂಗಿಲ್ಲ" ಎಂದು ಅವರು ಸಣ್ಣಕ್ಕನನ್ನು ಬಾಗಿಲಿನಿಂದ ಬಿಡಿಸಿ, ಹೊರಗೆ ಗೋಡೆಯ ಪಕ್ಕಕ್ಕೆ ನಡೆಸಿ, ನಡುಮನೆಯ ಕಿಟಕಿಯ ಮುಂದೆ ನಿಲ್ಲಿಸಿದರು. ಕಿವಿ ಮತ್ತೆ ತಿರುಗಿತು, ಈ ಸಲ ಬಲಕ್ಕೆ. ನಾನು ಪಟ್ಟಿಯ ಹಿಂದೆ ನಡುಮನೆಯ ಚೌಕ ಬರೆದೆ. ಬಾಗಿಲಿನಿಂದ ಒಂದು ಗೆರೆ, ಕಿಟಕಿಯಿಂದ ಒಂದು ಗೆರೆ. ಎರಡೂ ಸೇರಿದ್ದು ಮೂಲೆಯಲ್ಲಿ, ಅಲಂಕಾರಕ್ಕೆ ನಿಲ್ಲಿಸಿದ್ದ ಬಾಳೆಕಂದಿನ ಹಿಂದೆ.

ಒಳಗೆ ಹೋಗಿ ಬಾಳೆಎಲೆ ಸರಿಸಿ ನೋಡಿದೆ. ಅಲ್ಲಿನ ಸಾಕೆಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಯೊಂದು ಚುಚ್ಚಿಕೊಂಡಿತ್ತು. ಹಸಿರು ದೀಪ ಮಿಣುಕುತ್ತಿತ್ತು.

"ಇದೇನಿದು? ಯಾರು ಹಾಕಿದ್ದು?"

ಅವ್ವ ಗೇಟಿನಿಂದ ನಿಧಾನವಾಗಿ, "ನಾನ ಹಚ್ಚೀನಿ" ಅಂದಳು. "ಬಾಜೂ ಖಾಲಿ ಜಾಗಾದಾಗ ಇಲಿ ಭಾಳ ಅದಾವ. ನಿನ್ನಿ ಸಂಜಿಗೆ ನೈವೇದ್ಯದ ಸಾಮಾನ ಇಟ್ಟಿದ್ದೆ, ಮುಟ್ಟಬಾರದಂತ... ಇಲಿ ಓಡಸೂ ಮಷೀನ್. ಅದರ ಸಪ್ಪಳ ಮನಷ್ಯಾರಿಗೆ ಕೇಳಸೂದಿಲ್ಲ ಅಂತ ಅಂಗಡ್ಯಾವ ಹೇಳಿದ್ದ."

"ಮನುಷ್ಯರಿಗೆ" ಎಂದು ಅವರು ತಲೆಯಾಡಿಸಿದರು. "ಹಸು ವಿಷ್ಯ ನೀವೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ."

ಅಪ್ಪ ಮೊದಲು ನಕ್ಕರು. ಆಮೇಲೆ ದೊಡ್ಡವ್ವ. ನಾನು ಡಬ್ಬಿ ಕೀಳಲು ಕೈ ಹಾಕಿದಾಗ ತಾತ ಬೇಡವೆಂದು ಸನ್ನೆ ಮಾಡಿದರು. "ತಾಯಿ, ನೀವೇ ತೆಗೀರಿ." ಅವ್ವ ಹಿತ್ತಿಲ ಬಾಗಿಲಿನಿಂದ ಹೋಗಿ ಅದನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡಳು, ಕಳ್ಳತನದ ಸಾಮಾನಿನಂತೆ.

ಸಣ್ಣಕ್ಕನ ಕಿವಿ ಒಮ್ಮೆ ಅಲುಗಿ, ಸಡಿಲವಾಗಿ ಜೋತುಬಿತ್ತು. ಬಾಗಿಲಿಗೆ ಕರೆತಂದು ಹಗ್ಗ ಬಿಟ್ಟಾಗ ತಲೆ ತಗ್ಗಿಸಿ ಹೊಸಿಲು ಮೂಸಿದಳು, ನೆಲ ನೋಡಿದಳು, ಮುಂಗಾಲು ಎತ್ತಿ ಇಟ್ಟಳು. ಯಾರೂ ತಳ್ಳಲಿಲ್ಲ. ಕರು ಎಲ್ಲಿತ್ತೋ, ನನ್ನನ್ನು ಒತ್ತಿಕೊಂಡು ಹಿಂದೆ ಓಡಿತು. ನಡುಮನೆಯ ಮಧ್ಯೆ ನಿಂತು ಸಣ್ಣಕ್ಕ ನಿರುಮ್ಮಳವಾಗಿ ಸಗಣಿ ಹಾಕಿದಳು. "ಲಕ್ಷ್ಮಿ ಬಂದ್ಳು, ಲಕ್ಷ್ಮಿ!" ಎಂದು ದೊಡ್ಡವ್ವ ಚಪ್ಪಾಳೆ ತಟ್ಟಿದಳು.

ಅವ್ವ ಒಳಗಿನಿಂದಲೇ ತಾತನನ್ನು ಕೇಳಿದಳು. "ಹಂಗಾರ ಕಾಕಾ, ಮನಿ ಒಲ್ಲೆ ಅಂದಿದ್ದಿಲ್ಲೇನ್ರೀ ಆಕಳ?"

"ಮನೆ ವಿಷ್ಯ ಅವಳೇನೂ ಹೇಳ್ಲಿಲ್ಲ ತಾಯಿ. ಕಿವಿ ನೋಯ್ತಿದೆ ಅಂದ್ಲು, ಅಷ್ಟೇ."

"ಆ ತೆಂಗಿನಕಾಯಿನೂ..." ಎಂದು ಅವ್ವ ಶುರು ಮಾಡಿ ನಿಲ್ಲಿಸಿದಳು.

"ಕಾಯಿ ವಿಷ್ಯ ನಂಗೊತ್ತಿಲ್ಲ" ಅಂದರು ಅವರು, "ನಂಗೆ ಹಸು ಮಾತ್ರ ಗೊತ್ತು," ಮತ್ತು ಕರುವನ್ನು ಹಿಡಿಯಲು ಹೋದರು. ಅದು ಬಾಗಿಲ ಮಾವಿನ ತೋರಣ ತಿನ್ನುತ್ತಿತ್ತು.

ಅವ್ವ ಬಿಂದಿಗೆಯಿಂದ ಒಂದು ಲೋಟ ನೀರು ತುಂಬಿಕೊಂಡು, ನಿಂತಲ್ಲೇ ಗಟಗಟನೆ ಕುಡಿದಳು. ಇನ್ನೊಂದು ಲೋಟ ತುಂಬಿ ಅದನ್ನೂ ಕುಡಿದಳು. ಬಾಯಿ ಒರೆಸಿಕೊಂಡು ಅಡುಗೆಮನೆಗೆ ಹೋದಳು. ನಾವು ನೆಲ ಒರೆಸುತ್ತಿದ್ದಾಗ ಅವಳ ದನಿ ಕೇಳಿಸಿತು, ಬಿಟಿಎಂನ ಐದು ಮನೆಗಳಲ್ಲಿ ಕೆಳಗಿನವರಿಗೆ ಕೇಳಿಸೀತೆಂದು ಎಂದೂ ಎತ್ತರಿಸದಿದ್ದ ದನಿ.

"ಎಲ್ಲಾರೂ ಎಲ್ಲಿ ಹೋದ್ರೀ? ಲಗೂನ ಬರ್ರಿ, ನಮ್ಮ ಮನ್ಯಾಗ ಹಾಲ ಉಕ್ಕಾಕತ್ತೈತಿ!"